ದಾರ ಕಾಣುವ ರಾಕ್ಷಸರು

ಗಾಡ್ಜಿಲ್ಲಾ ನಮ್ಮ ಮನೆಗೆ ಬಂದು ಐದು ವರ್ಷ ಆಯಿತು. ಇವತ್ತಿಗೂ ಅದನ್ನು ಇಡಲು ಸರಿಯಾದ ಜಾಗ ಸಿಕ್ಕಿಲ್ಲ.

ನಾನು ಹೇಳುತ್ತಿರುವುದು 2019ರಲ್ಲಿ ಅಮೆರಿಕದ ಡಿಸ್ಕ್ ಕಂಪನಿ ಕ್ರೈಟೀರಿಯನ್‌ನವರು ತಂದ ಬ್ಲೂ-ರೇ ಸೆಟ್ಟು, ಡಿವಿಡಿಯ ನಂತರ ಬಂದ ಡಿಸ್ಕುಗಳದ್ದು. ನೋಡಲು ದೊಡ್ಡ ಚಿತ್ರಪುಸ್ತಕದ ಹಾಗಿದೆ. 1954ರಿಂದ 1975ರವರೆಗಿನ ಜಪಾನಿನ 15 ಗಾಡ್ಜಿಲ್ಲಾ ಸಿನಿಮಾಗಳು, 8 ಡಿಸ್ಕುಗಳು, ಜೊತೆಗೆ ಬೇರೆ ಬೇರೆ ಕಲಾವಿದರು ಬರೆದ ಚಿತ್ರಗಳು. ಮೊದಲು ಪುಸ್ತಕದ ಕಪಾಟಿನಲ್ಲಿ ಅಡ್ಡ ಮಲಗಿಸಿದೆ, ಬಾಗಿಲು ಮುಚ್ಚಲಿಲ್ಲ. ಆಮೇಲೆ ಬೀರುವಿನ ಮೇಲೆ ಇಟ್ಟೆ. ಅಲ್ಲಿ ಮದುವೆಯ ಆಲ್ಬಮ್ ಮೊದಲೇ ಕೂತಿತ್ತು. ಒಂದು ದಿನ ಧೂಳು ಹೊಡೆಯುವಾಗ ಹೆಂಡತಿ ಎರಡನ್ನೂ ಕೆಳಗಿಳಿಸಿ, "ಇದರಲ್ಲಿ ನಮ್ಮ ಮದುವೆದು ಯಾವುದು?" ಅಂತ ಕೇಳಿದಳು.

ಕ್ರೈಟೀರಿಯನ್‌ನವರು ತಮ್ಮ ಒಂದೊಂದು ಬಿಡುಗಡೆಗೂ ಡಬ್ಬಿಯ ಬೆನ್ನ ಮೇಲೆ ನಂಬರು ಹಾಕುತ್ತಾರೆ. ಕುರೋಸಾವಾ, ಬರ್ಗ್‌ಮನ್, ನಮ್ಮ ಸತ್ಯಜಿತ್ ರಾಯ್ ಎಲ್ಲರೂ ಆ ಸಾಲಿನಲ್ಲಿ ಇದ್ದಾರೆ. ಸಾವಿರನೇ ನಂಬರು ಯಾರಿಗೆ ಕೊಡಬಹುದು ಅಂತ ಸಿನಿಮಾ ಹುಚ್ಚಿನವರು ಲೆಕ್ಕ ಹಾಕುತ್ತಿದ್ದರು. ಅದು ಹೋದದ್ದು ರಬ್ಬರ್ ವೇಷ ತೊಟ್ಟು ರಟ್ಟಿನ ಊರು ತುಳಿಯುವ ಪ್ರಾಣಿಗೆ. ಸುದ್ದಿ ಓದಿದ ದಿನ ನನಗೆ ಸುಮ್ನೆ ಖುಷಿ ಆಯಿತು. ಕ್ಲಾಸಿನ ಕೊನೇ ಬೆಂಚಿನವನಿಗೆ ಬಹುಮಾನ ಬಂದ ಹಾಗೆ.

ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗ ಊರಿಗೆ ಬರುವಾಗ ಅದನ್ನು ಸೂಟ್‌ಕೇಸಿನಲ್ಲಿ ಹೊತ್ತು ತಂದ. ಆ ರಾತ್ರಿ ಊಟ ಬೇಗ ಮುಗಿಸಿ ಮೊದಲ ಡಿಸ್ಕ್ ಹಾಕಿದೆ. ಪ್ಲೇಯರ್ ಸ್ವಲ್ಪ ಹೊತ್ತು ಕೊರ್ ಅಂದಿತು. ಆಮೇಲೆ ಪರದೆಯ ಮೇಲೆ ಬಂದದ್ದು ಗಾಡ್ಜಿಲ್ಲಾ ಅಲ್ಲ, ಈ ಡಿಸ್ಕ್ ಇಲ್ಲಿ ಓಡುವುದಿಲ್ಲ ಅನ್ನುವ ಎರಡು ಸಾಲು. ಬ್ಲೂ-ರೇ ಮಾಡಿದವರು ಪ್ರಪಂಚವನ್ನು ಮೂರು ಪಾಲು ಮಾಡಿದ್ದಾರೆ. ಅಮೆರಿಕ, ಜಪಾನ್ 'ಎ' ಪಾಲು. ಯುರೋಪ್, ಆಸ್ಟ್ರೇಲಿಯಾ 'ಬಿ'. ಭಾರತ, ಚೀನಾ, ರಷ್ಯಾ 'ಸಿ'. ಹಳೇ ಡಿವಿಡಿಯಲ್ಲೂ ಹೀಗೇ ಇತ್ತು, ಆಗ ನಾವು 5ನೇ ಪಾಲು. ಅಂದರೆ ಗಾಡ್ಜಿಲ್ಲಾ ಟೋಕಿಯೋದಿಂದ ನ್ಯೂಯಾರ್ಕಿಗೆ ಆರಾಮಾಗಿ ಈಜಬಹುದು, ಬೆಂಗಳೂರಿಗೆ ಬರಬೇಕಾದರೆ ಬೇರೆ ಪ್ಲೇಯರ್ ಬೇಕು. ಎಲ್ಲ ಪಾಲಿನ ಡಿಸ್ಕುಗಳನ್ನೂ ಓಡಿಸುವ ಪ್ಲೇಯರ್ ಹುಡುಕಿ ತರುವಷ್ಟರಲ್ಲಿ ನಾಲ್ಕು ತಿಂಗಳು ಕಳೆಯಿತು. ಅದರ ಬೆಲೆಯನ್ನು ಮನೆಯಲ್ಲಿ ಇನ್ನೂ ಸರಿಯಾಗಿ ಹೇಳಿಲ್ಲ.

ಈ ಹುಚ್ಚು ಹತ್ತಿದ್ದು ಎಲ್ಲಿ ಅಂತ ಕೇಳಿದರೆ ಪುತ್ತೂರಿನ ಹತ್ತಿರದ ನಮ್ಮ ಮನೆಯ ಚಾವಡಿಯಲ್ಲಿ. ತೊಂಬತ್ತರ ದಶಕದ ಕೇಬಲ್ ಕಾಲ. ಹಗಲಿಡೀ ಕಾರ್ಟೂನ್ ಬರುತ್ತಿದ್ದ ಚಾನೆಲ್ಲು ರಾತ್ರಿ ಆಯಿತೆಂದರೆ ವೇಷ ಬದಲಿಸಿ ಟಿಎನ್‌ಟಿ ಆಗುತ್ತಿತ್ತು. ಅದರಲ್ಲಿ ಕಪ್ಪು ಬಿಳುಪಿನ ಹಳೇ ಇಂಗ್ಲಿಷ್ ಸಿನಿಮಾಗಳು. ಒಂದು ರಾತ್ರಿ ಒಂದು ಭಾರೀ ಗೊರಿಲ್ಲಾ ಒಬ್ಬಳು ಹೆಂಗಸನ್ನು ಕೈಯಲ್ಲಿ ಹಿಡಿದುಕೊಂಡು ಕಟ್ಟಡ ಹತ್ತುತ್ತಿತ್ತು. ಅದರ ಮೈಯ ಕೂದಲು ಸುಮ್ಮಸುಮ್ಮನೆ ಅಲುಗುತ್ತಿತ್ತು. ಗಾಳಿಗೆ ಇರಬೇಕು ಅಂದುಕೊಂಡೆ. ಅದು ಗೊಂಬೆಯನ್ನು ಒಂದೊಂದು ಫ್ರೇಮಿಗೂ ಸರಿಸಿದವರ ಬೆರಳು ತಾಗಿ ಅಲುಗಿದ್ದು ಅಂತ ತಿಳಿದದ್ದು ಹತ್ತು ವರ್ಷದ ನಂತರ. ಸೆಕೆಂಡಿಗೆ 24 ಫ್ರೇಮು. ಅಷ್ಟು ಸಲ ಮುಟ್ಟಬೇಕು, ಬಿಡಬೇಕು.

ಆ ಗೊರಿಲ್ಲಾ ಸಿನಿಮಾ ಕಿಂಗ್ ಕಾಂಗ್, 1933ರದ್ದು. ಅದನ್ನು ಬಿ-ಸಿನಿಮಾ ಅನ್ನಲು ಆಗುವುದಿಲ್ಲ, ಅದು ದೊಡ್ಡ ಮನೆತನದ್ದು. ಆದರೆ ಆಮೇಲೆ ಬಂದ ಎಲ್ಲ ಬಡ ರಾಕ್ಷಸರ ಅಜ್ಜ ಅದೇ. ಬಿ-ಸಿನಿಮಾ ಅಂದರೆ, ಗೊತ್ತಿಲ್ಲದವರಿಗೆ, ಅಮೆರಿಕದಲ್ಲಿ ಒಂದೇ ಟಿಕೆಟಿಗೆ ಎರಡು ಸಿನಿಮಾ ತೋರಿಸುತ್ತಿದ್ದ ಕಾಲದ ಎರಡನೆಯದು. ಕಡಿಮೆ ದುಡ್ಡು, ಕಡಿಮೆ ದಿನ, ಪೋಸ್ಟರ್ ಮಾತ್ರ ಭರ್ಜರಿ. ಐವತ್ತರ ದಶಕದಲ್ಲಿ ಅಣುಬಾಂಬಿನ ಹೆದರಿಕೆ ಎಲ್ಲರ ತಲೆಯಲ್ಲೂ ಇತ್ತು. ಇರುವೆ, ಜೇಡ, ಚೇಳು, ಮಿಡತೆ, ಏಡಿ, ಯಾವುದನ್ನೂ ಬಿಡದೆ ದೊಡ್ಡದು ಮಾಡಿದರು.

ಕಾಂಗ್‌ನ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಡಿಸ್ಕಿನಲ್ಲಿ ಸಿನಿಮಾ ಓಡುತ್ತಿರುವಾಗಲೇ ಪಕ್ಕದಲ್ಲಿ ಕೂತವರ ಹಾಗೆ ಒಬ್ಬರು ಕತೆ ಹೇಳುತ್ತಾ ಹೋಗುತ್ತಾರಲ್ಲ, ಕಾಮೆಂಟರಿ ಟ್ರ್ಯಾಕ್ ಅಂತ? ಅದು ಶುರುವಾದದ್ದೇ ಕಾಂಗ್‌ನಿಂದ. 1984ರಲ್ಲಿ ಕ್ರೈಟೀರಿಯನ್‌ನವರು ತಂದ ಲೇಸರ್ ಡಿಸ್ಕಿನಲ್ಲಿ ಎರಡನೇ ಆಡಿಯೋ ಟ್ರ್ಯಾಕ್ ಖಾಲಿ ಇತ್ತು. ಅದರಲ್ಲಿ ರೊನಾಲ್ಡ್ ಹೇವರ್ ಅನ್ನುವ ಸಿನಿಮಾ ಇತಿಹಾಸಕಾರರು ಕೂತು ಮಾತಾಡಿದರು. ಲೇಸರ್ ಡಿಸ್ಕ್ ಅಂದರೆ ಗ್ರಾಮಫೋನ್ ತಟ್ಟೆಯಷ್ಟು ಅಗಲದ ಡಿಸ್ಕು, ನಮ್ಮ ಕಡೆ ಅದನ್ನು ಕಂಡವರೇ ಕಡಿಮೆ. ಇವತ್ತು ಎಷ್ಟೋ ದೊಡ್ಡ ನಿರ್ದೇಶಕರ ಡಿಸ್ಕುಗಳಲ್ಲಿ ಕಾಮೆಂಟರಿ ಇರುತ್ತದೆ. ಅದಕ್ಕೆಲ್ಲ ದಾರಿ ಮಾಡಿದ್ದು ಒಂದು ಗೊರಿಲ್ಲಾ ಗೊಂಬೆ ಅನ್ನುವುದು ನನಗೆ ಯಾವಾಗ ನೆನಪಾದರೂ ನಗು ತರಿಸುತ್ತದೆ.

ಈಗ ಗಾಡ್ಜಿಲ್ಲಾ. ನಾನು ಮೊದಲು ನೋಡಿದ ಗಾಡ್ಜಿಲ್ಲಾ ಮೆಜೆಸ್ಟಿಕ್‌ನ ಫುಟ್‌ಪಾತಿನಲ್ಲಿ ತೆಗೆದುಕೊಂಡ ಸಿಡಿ. ಅದರಲ್ಲಿ ಒಬ್ಬ ಅಮೆರಿಕನ್ ಪತ್ರಕರ್ತ ಇದ್ದ. ಟೋಕಿಯೋದಲ್ಲಿ ಏನೇ ಆದರೂ ಅವನು ಕಿಟಕಿ ಹತ್ತಿರ ನಿಂತು ಪೈಪ್ ಸೇದುತ್ತಾ ನೋಡುತ್ತಿದ್ದ. ಜಪಾನಿನವರ ಜೊತೆ ಮಾತಾಡುವಾಗ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಏನೋ ಹೊಂದುತ್ತಿಲ್ಲ ಅನಿಸಿತು, ಏನೆಂದು ಗೊತ್ತಾಗಲಿಲ್ಲ. ಆಮೇಲೆ ತಿಳಿಯಿತು. ನಾನು ನೋಡಿದ್ದು 1956ರ ಅಮೆರಿಕದ ಕಟ್ಟು, ಅಂದರೆ ಅಲ್ಲಿ ಕತ್ತರಿಸಿ ಜೋಡಿಸಿದ ರೂಪ. ಮೂಲ ಸಿನಿಮಾ 96 ನಿಮಿಷ. ಅಮೆರಿಕದವರು ಅದನ್ನು ಕತ್ತರಿಸಿ, ರೇಮಂಡ್ ಬರ್ ಅನ್ನುವ ನಟನನ್ನು ಬೇರೆಯಾಗಿ ಶೂಟ್ ಮಾಡಿ ನಡುನಡುವೆ ತುರುಕಿ, 80 ನಿಮಿಷಕ್ಕೆ ಇಳಿಸಿದ್ದರು.

ಕತ್ತರಿಗೆ ಸಿಕ್ಕಿದ್ದು ಏನು ಅಂತ ನೋಡಿದರೆ ಬೇಜಾರಾಗುತ್ತದೆ. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಅದರ ಬೂದಿ ಒಂದು ಜಪಾನಿ ಮೀನುಗಾರಿಕೆ ಬೋಟಿನ ಮೇಲೆ ಬಿತ್ತು. 23 ಜನ ಇದ್ದರು, ಎಲ್ಲರಿಗೂ ಕಾಯಿಲೆ. ರೇಡಿಯೋ ಆಪರೇಟರ್ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರ್ 3ಕ್ಕೆ ಗಾಡ್ಜಿಲ್ಲಾ ಬಿಡುಗಡೆ. ಸಿನಿಮಾ ಶುರುವಾಗುವುದೇ ಸಮುದ್ರದಲ್ಲಿ ಫಳ್ ಅಂತ ಬೆಳಕು ಬಂದು ಒಂದು ಬೋಟು ಉರಿಯುವುದರಿಂದ. ಟಾಕೀಸಿನಲ್ಲಿ ಕೂತಿದ್ದ ಜಪಾನಿನವರಿಗೆ ಅದು ಯಾವ ಬೋಟು ಅಂತ ಹೇಳಿಕೊಡಬೇಕಾಗಿರಲಿಲ್ಲ. ಮುಂದೆ ರೈಲಿನಲ್ಲಿ ಹೋಗುವ ಒಬ್ಬಳು ಹೆಂಗಸು, ನಾಗಸಾಕಿಯಿಂದ ಹೇಗೋ ಬದುಕಿ ಬಂದವಳು ನಾನು, ಈಗ ಇದೊಂದು ಅನ್ನುವ ಹಾಗೆ ಮಾತಾಡುತ್ತಾಳೆ. ಬೇಸರದ ದನಿ ಅಷ್ಟೇ, ಅಳು ಇಲ್ಲ. ಅಮೆರಿಕದ ಕಟ್ಟಿನಲ್ಲಿ ಆ ಮಾತು ಇಲ್ಲ.

ಹೀಗೆ ಒಂದು ದುಃಖದ ಸಿನಿಮಾ ಕತ್ತರಿಯ ದೆಸೆಯಿಂದ ಬಿ-ಸಿನಿಮಾ ಆಯಿತು. ಪ್ರಪಂಚದ ಬಹಳಷ್ಟು ಕಡೆ ಗಾಡ್ಜಿಲ್ಲಾ ಅಂದರೆ ಅದೇ. ಮೂಲ ಸಿನಿಮಾ ಅಮೆರಿಕದ ಟಾಕೀಸುಗಳಲ್ಲಿ ಸರಿಯಾಗಿ ಬಂದದ್ದು 2004ರಲ್ಲಿ, ಐವತ್ತು ವರ್ಷ ತುಂಬಿದಾಗ. ಡಿವಿಡಿಯಾಗಿ ಅಲ್ಲಿ ಸಿಕ್ಕಿದ್ದು 2006ರಲ್ಲಿ. ಅದರಲ್ಲಿ ಎರಡೂ ಇದ್ದವು, ಒಂದು ಡಿಸ್ಕಿನಲ್ಲಿ ಜಪಾನಿನದ್ದು, ಇನ್ನೊಂದರಲ್ಲಿ ಅಮೆರಿಕದ್ದು. ನನಗೆ ಈ ಹೋಮ್ ವಿಡಿಯೋ ವ್ಯಾಪಾರದಲ್ಲಿ ಇಷ್ಟವಾಗುವುದು ಇದೇ. ಇದು ಸರಿ, ಅದು ತಪ್ಪು ಅಂತ ಒಂದನ್ನು ಎಸೆಯುವುದಿಲ್ಲ. ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ. ರೇಮಂಡ್ ಬರ್‌ನನ್ನು ನಾನು ಈಗ ಬೈಯುವುದಿಲ್ಲ. ಪಾಪ, ಅವನೂ ಕಷ್ಟಪಟ್ಟೇ ಕಿಟಕಿಯ ಹೊರಗೆ ನೋಡಿದ್ದಾನೆ.

ಕತ್ತರಿಯ ಕತೆ ಅಮೆರಿಕದಲ್ಲಿ ಮಾತ್ರ ಅಲ್ಲ. 1962ರ 'ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲ್ಲಾ' ಜಪಾನಿನಲ್ಲಿ ಜನ ಮುಗಿಬಿದ್ದು ನೋಡಿದ ಸಿನಿಮಾ. ಮೂಲದಲ್ಲಿ ಅದು ನಗೆಯ ಸಿನಿಮಾ. ಔಷಧಿ ಕಂಪನಿಯವರು ಟಿವಿ ಕಾರ್ಯಕ್ರಮದ ರೇಟಿಂಗ್ ಏರಿಸಲು ಕಾಂಗ್‌ನನ್ನು ಹಿಡಿದು ತರುವ ಕತೆ. ಅಮೆರಿಕದವರು ನಗೆಯನ್ನು ತೆಗೆದು ಸುದ್ದಿವಾಚಕರನ್ನು ಹಾಕಿದರು. ಸರಿ, ಅವರು ಹಾಗೇ. ಆದರೆ 1970ರಲ್ಲಿ ಸಿನಿಮಾ ಮಾಡಿದ ತೋಹೋ ಕಂಪನಿಯವರೇ ಮಕ್ಕಳ ರಜೆಯ ಪ್ರದರ್ಶನಕ್ಕೆಂದು ಅದನ್ನು ಗಿಡ್ಡ ಮಾಡಿದರು. ಗಿಡ್ಡ ಮಾಡಿದ್ದು ಪ್ರತಿಯನ್ನಲ್ಲ, ಮೂಲ ನೆಗೆಟಿವನ್ನೇ! ಅಜ್ಜನ ಕಾಲದ ಪಂಚೆಯನ್ನು ಹರಿದು ಕೈವಸ್ತ್ರ ಮಾಡಿದ ಹಾಗೆ. ತೆಗೆದ ತುಂಡುಗಳು ಸರಿಯಾಗಿ ಉಳಿಯಲಿಲ್ಲ. ಆಮೇಲಿನ ವಿಡಿಯೋಗಳಲ್ಲಿ ನಡುನಡುವೆ ಚಿತ್ರ ಫಕ್ಕನೆ ಮಸುಕಾಗುತ್ತಿತ್ತು, ಅಲ್ಲೆಲ್ಲ ಬೇರೆ ಕಡೆಯಿಂದ ತಂದ ತೇಪೆ. ಪೂರ್ತಿ ಸಿನಿಮಾಕ್ಕೆ 4ಕೆ ಅನ್ನುವ ಅತಿ ಸ್ಪಷ್ಟ ರೂಪ ಬಂದದ್ದು 2016ರಲ್ಲಿ. ನನ್ನ ಸೆಟ್ಟಿನಲ್ಲಿ ಅಮೆರಿಕದ ಕಟ್ಟು ಸಾಲಿನಲ್ಲಿ ಕೂತಿದೆ, ಜಪಾನಿನ ಪೂರ್ತಿ ಸಿನಿಮಾ ಕೊನೇ ಡಿಸ್ಕಿನಲ್ಲಿ ಸಂದರ್ಶನ ಮುಂತಾದ ಹೆಚ್ಚುವರಿ ಸಾಮಾನುಗಳ ಜೊತೆ ಇದೆ. ಹಕ್ಕಿನ ತಕರಾರು ಹೀಗೂ ಮಾಡಿಸುತ್ತದೆ. ಮನೆಯ ಯಜಮಾನನೇ ಜಗಲಿಯಲ್ಲಿ ಮಲಗಿದ ಹಾಗೆ.

ಅಂದಹಾಗೆ, ಜಪಾನಿನ ಕಟ್ಟಿನಲ್ಲಿ ಗಾಡ್ಜಿಲ್ಲಾ ಗೆಲ್ಲುತ್ತದೆ, ಅಮೆರಿಕದ್ದರಲ್ಲಿ ಕಾಂಗ್ ಗೆಲ್ಲುತ್ತದೆ ಅಂತ ಒಂದು ಮಾತು ಎಷ್ಟೋ ವರ್ಷ ಓಡಾಡುತ್ತಿತ್ತು. ನಾನೂ ನಂಬಿದ್ದೆ, ನಾಲ್ಕು ಜನಕ್ಕೆ ಹೇಳಿಯೂ ಇದ್ದೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ನೋಡಿದೆ. ಎರಡರಲ್ಲೂ ಇಬ್ಬರೂ ಸಮುದ್ರಕ್ಕೆ ಬೀಳುತ್ತಾರೆ, ಎರಡರಲ್ಲೂ ಈಜಿಕೊಂಡು ಹೋಗುವುದು ಕಾಂಗ್.

ಇಷ್ಟು ಹೊತ್ತು ಮರ್ಯಾದಸ್ಥರ ಬಗ್ಗೆ ಬರೆದೆ. ನನ್ನ ಮನಸ್ಸು ನಿಜವಾಗಿ ಇರುವುದು ಇನ್ನೂ ಕೆಳಗಿನ ಪಂಕ್ತಿಯಲ್ಲಿ.

'ದಿ ಜೈಂಟ್ ಕ್ಲಾ', 1957. ನಿರ್ಮಾಪಕ ಸ್ಯಾಮ್ ಕಾಟ್ಜ್‌ಮನ್, ನಿರ್ದೇಶಕ ಫ್ರೆಡ್ ಸಿಯರ್ಸ್. ಬೇರೆ ಲೋಕದಿಂದ ಬಂದ ಒಂದು ಹಕ್ಕಿ. ಯುದ್ಧನೌಕೆಯಷ್ಟು ದೊಡ್ಡದು ಅಂತ ಪಾತ್ರಗಳು ಹೇಳುತ್ತವೆ, ಮತ್ತೆ ಹೇಳುತ್ತವೆ, ನಾವು ಮರೆತಿರಬಹುದು ಅಂತ ಇನ್ನೊಮ್ಮೆ ಹೇಳುತ್ತವೆ. ಅದರ ಸುತ್ತ ಆಂಟಿಮ್ಯಾಟರ್ ಕವಚ ಇದೆಯಂತೆ, ಗುಂಡು ತಾಗುವುದಿಲ್ಲವಂತೆ. ನಟರು ಇದನ್ನೆಲ್ಲ ಹುಬ್ಬು ಗಂಟಿಕ್ಕಿ, ಎಷ್ಟು ಶ್ರದ್ಧೆಯಿಂದ ಹೇಳುತ್ತಾರೆಂದರೆ, ನಮಗೂ ಸಣ್ಣಗೆ ಹೆದರಿಕೆ ಶುರುವಾಗುತ್ತದೆ. ಮೊದಲು ಹಕ್ಕಿ ಬರೀ ಮಸುಕು. ಭರ್ ಅಂತ ಹೋಗುತ್ತದೆ, ಅಷ್ಟೇ.

ಆಮೇಲೆ ಅದು ಮುಖ ತೋರಿಸುತ್ತದೆ.

ಹೇಗೆ ಹೇಳಲಿ. ರಣಹದ್ದಿನ ಬೋಳು ಕತ್ತು, ಅದೂ ಉದ್ದಕ್ಕೆ ಸುಕ್ಕುಗಟ್ಟಿದ್ದು. ತಲೆಯ ಮೇಲೆ ನಾಲ್ಕು ಕೂದಲು ನಿಮಿರಿ ನಿಂತಿವೆ, ಎಣ್ಣೆ ಹಚ್ಚದೆ ಶಾಲೆಗೆ ಬಂದ ಹುಡುಗನ ಹಾಗೆ. ಕಣ್ಣು ಎರಡು ಬೋಂಡಾ. ಕೊಕ್ಕಿನ ಮೇಲೆ ಮೂಗಿನ ಹೊಳ್ಳೆ ಅರಳಿ ಮುಚ್ಚುತ್ತದೆ. ಕೊಕ್ಕಿನೊಳಗೆ ಹಲ್ಲು ಬೇರೆ! ಸುಟ್ಟುಬಿಡುವ ಕೋಪ ತೋರಿಸಬೇಕಾದ ಕಡೆ ಅದರ ಮುಖದಲ್ಲಿ ಕಾಣುವುದು, ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೆ ಬರುವ ಸಿಡುಕು. ಮೆಕ್ಸಿಕೋದಲ್ಲಿ ಅಗ್ಗಕ್ಕೆ ಮಾಡಿಸಿದ ಗೊಂಬೆ ಅನ್ನುತ್ತಾರೆ. ಶೂಟಿಂಗ್ ಸಮಯದಲ್ಲಿ ನಟರು ಅದನ್ನು ನೋಡಿಯೇ ಇರಲಿಲ್ಲ. ಅವರು ಆಕಾಶ ನೋಡಿ ಬೆಚ್ಚಿಬಿದ್ದರು, ಹಕ್ಕಿ ಆಮೇಲೆ ಬಂತು. ನಾಯಕ ಜೆಫ್ ಮೋರೋ ಎಷ್ಟೋ ವರ್ಷದ ನಂತರ ಇದನ್ನು ನೆನೆಸಿಕೊಂಡಿದ್ದಾರೆ. ತನ್ನ ಊರಿನ ಟಾಕೀಸಿನಲ್ಲಿ ಸಿನಿಮಾ ಹಾಕಿದಾಗ ಹೋಗಿ ಕೂತರಂತೆ. ಹಕ್ಕಿ ಬಂದಾಗಲೆಲ್ಲ ಜನ ಬಿದ್ದು ಬಿದ್ದು ನಕ್ಕರು. ಯಾರಾದರೂ ಗುರುತು ಹಿಡಿದಾರು ಅಂತ ಮುಗಿಯುವ ಮೊದಲೇ ಎದ್ದು ಮನೆಗೆ ಹೋಗಿಬಿಟ್ಟರಂತೆ.

ಆ ನಾಚಿಕೆಯ ಸಿನಿಮಾ 2021ರಲ್ಲಿ ಆ್ಯರೋ ಕಂಪನಿಯ ಬ್ಲೂ-ರೇ ಸೆಟ್ಟಿನಲ್ಲಿ ಬಂತು. ಕಾಟ್ಜ್‌ಮನ್ನನ ನಾಲ್ಕು ಸಿನಿಮಾಗಳು, ಕಾಮೆಂಟರಿ, ಹೊಸ ಮುಖಪುಟ. ದೇಶದ ಹೆಮ್ಮೆಯ ಕೃತಿಗೆ ಕೊಡುವ ಎಲ್ಲ ಮರ್ಯಾದೆ. ಕೊಕ್ಕಿನ ಮೇಲಿನ ಒಂದೊಂದು ಗೆರೆಯೂ ನಿಚ್ಚಳ. ಮೋರೋ 1993ರಲ್ಲೇ ತೀರಿಕೊಂಡಿದ್ದರು. ಒಳ್ಳೆಯದೇ ಆಯಿತೇನೋ.

ಇಲ್ಲಿ ಒಂದು ಜಗಳ ಇದೆ, ನನ್ನ ಜೊತೆಗೇ ನನ್ನದು. ಹಳೇ ಸಿನಿಮಾವನ್ನು ಇಷ್ಟು ಸ್ಪಷ್ಟ ಮಾಡಬೇಕಾ? ಐವತ್ತರ ದಶಕದ ಟಾಕೀಸಿನಲ್ಲಿ ಓಡಿದ್ದು ನೆಗೆಟಿವಿನಿಂದ ಎರಡು ಮೂರು ತಲೆಮಾರು ಕೆಳಗಿನ ಪ್ರಿಂಟು. ಪ್ರತಿಯ ಪ್ರತಿ. ಒಂದೊಂದು ಸಲವೂ ಸ್ವಲ್ಪ ಮಸುಕು. ಹಾರುವ ಗೊಂಬೆಗೆ ಕಟ್ಟಿದ ತಂತಿ ಆ ಮಸುಕಿನಲ್ಲಿ ಮಾಯ. ಆ ಲೆಕ್ಕ ಹಾಕಿಯೇ ಕೆಲಸಗಾರರು ತಂತಿ ಕಟ್ಟಿದ್ದು. ಇವತ್ತು ನೆಗೆಟಿವನ್ನೇ ಸ್ಕ್ಯಾನ್ ಮಾಡುತ್ತಾರೆ. ಅಂದು ಟಿಕೆಟ್ ತೆಗೆದುಕೊಂಡವರಿಗೆ ಕಾಣದ್ದು ನನಗೆ ಸೋಫಾದಲ್ಲಿ ಕೂತು ಕಾಣುತ್ತದೆ. ಹಾಗಾದರೆ ನಾನು ನೋಡುತ್ತಿರುವುದು ಅವರು ಮಾಡಿದ ಸಿನಿಮಾನಾ, ಅಥವಾ ಅವರು ಮುಚ್ಚಿಟ್ಟದ್ದಾ? ಕಂಪ್ಯೂಟರಿನಲ್ಲಿ ತಂತಿ ಅಳಿಸುವುದು ಈಗ ದೊಡ್ಡ ಕೆಲಸ ಅಲ್ಲ. ಅಳಿಸಬೇಕು ಅನ್ನುವವರೂ ಇದ್ದಾರೆ, ಅವರ ಮಾತಿನಲ್ಲಿ ನ್ಯಾಯ ಇದೆ.

ನಾನು ಅಳಿಸಬಾರದು ಅನ್ನುವ ಪಂಗಡ. ಕಾರಣ ನ್ಯಾಯದ್ದಲ್ಲ, ನನ್ನ ಬಾಲ್ಯದ್ದು.

ನಮ್ಮ ಊರ ಗದ್ದೆಗೆ ಯಕ್ಷಗಾನ ಮೇಳ ಬಂದರೆ ನಾವು ಹುಡುಗರು ಮೊದಲು ಓಡುತ್ತಿದ್ದದ್ದು ರಂಗಸ್ಥಳಕ್ಕಲ್ಲ, ವೇಷ ಕಟ್ಟುವ ಚೌಕಿಗೆ. ಅಲ್ಲಿ ಬಣ್ಣದ ವೇಷದವರು, ಅಂದರೆ ರಾಕ್ಷಸ ಆಗುವವರು, ಸಂಜೆಯೇ ಕನ್ನಡಿ ಹಿಡಿದು ಕೂತಿರುತ್ತಿದ್ದರು. ಅಕ್ಕಿ ಹಿಟ್ಟಿನ ಚಿಟ್ಟಿ ಒಂದೊಂದೇ ಮುಖಕ್ಕೆ ಇಡುತ್ತಾ ಹೋಗುವುದು. ಗಂಟೆಗಟ್ಟಲೆ. ನಮ್ಮ ಕಣ್ಣೆದುರೇ ಆ ಮನುಷ್ಯ ಬೀಡಿ ಸೇದುತ್ತಿದ್ದ, ಕೆಮ್ಮುತ್ತಿದ್ದ, ನೀರು ಕೇಳುತ್ತಿದ್ದ. ನಡುರಾತ್ರಿ ಕಳೆದು ಚಂಡೆ ಏರಿ, ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಭುಗ್ ಅಂದು, ಅದೇ ಮನುಷ್ಯ ಸಭೆಯ ಹಿಂದಿನಿಂದ ಅಬ್ಬರಿಸುತ್ತಾ ಬಂದರೆ ನಾವು ಅಮ್ಮನ ಸೆರಗಿನೊಳಗೆ. ವೇಷದ ಒಳಗೆ ಯಾರಿದ್ದಾರೆ ಅಂತ ಗೊತ್ತಿತ್ತು. ಅವರ ಕೆಮ್ಮು ಕೂಡ ಗೊತ್ತಿತ್ತು. ಆದರೂ ಹೆದರಿಕೆ ಕಡಿಮೆ ಆಗಲಿಲ್ಲ.

ಡಿಸ್ಕಿನ ಹೆಚ್ಚುವರಿ ಸಾಮಾನು ಅಂದರೆ ನನಗೆ ಚೌಕಿ. ಮೊದಲು ಅಲ್ಲಿಗೇ ಹೋಗುತ್ತೇನೆ. ಅಲ್ಲಿಯೇ ಹರುವೋ ನಕಾಜಿಮಾ ಸಿಕ್ಕಿದ್ದು. ಗಾಡ್ಜಿಲ್ಲಾ ವೇಷದ ಒಳಗಿದ್ದವರು. 1954ರಿಂದ 1972ರವರೆಗೆ 12 ಸಿನಿಮಾಗಳಲ್ಲಿ ಅವರೇ. ಮೊದಲ ವೇಷ ಸುಮಾರು 100 ಕಿಲೋ ಭಾರ. ಲೈಟುಗಳ ಬಿಸಿ, ಒಳಗೆ ಗಾಳಿ ಇಲ್ಲ. ಭಾರೀ ಪ್ರಾಣಿ ಹೇಗೆ ಹೆಜ್ಜೆ ಇಡುತ್ತದೆ ಅಂತ ತಿಳಿಯಲು ಅವರು ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ನೋಡುತ್ತಾ ಕೂರುತ್ತಿದ್ದರು. ಸ್ಪೆಷಲ್ ಎಫೆಕ್ಟ್ಸ್ ಮಾಡಿದ ಎಜಿ ಸುಬುರಾಯಾ ಅವರಿಗೆ ಕಿಂಗ್ ಕಾಂಗ್ ಹಾಗೆ ಗೊಂಬೆ ಸರಿಸಿಯೇ ಮಾಡುವ ಆಸೆ ಇತ್ತು. ಸಮಯವೂ ಇಲ್ಲ, ದುಡ್ಡೂ ಇಲ್ಲ. ಮನುಷ್ಯನಿಗೇ ವೇಷ ಹಾಕಿಸಿದರು, ಕ್ಯಾಮೆರಾವನ್ನು ಜೋರಾಗಿ ಓಡಿಸಿ ತೆಗೆದರು. ಪರದೆಯ ಮೇಲೆ ನಿಧಾನ ಆದಾಗ ಆ ತೂಕ ಬಂತು. ಅದರ ಕೂಗು ಇನ್ನೂ ಚೆಂದ. ಸಂಗೀತಗಾರ ಅಕಿರಾ ಇಫುಕುಬೆ ಡಬಲ್ ಬೇಸ್ ವಾದ್ಯದ ತಂತಿ ಸಡಿಲಿಸಿ, ಮರದ ಟಾರು ಹಚ್ಚಿದ ತೊಗಲಿನ ಗ್ಲೌಸಿನಿಂದ ಎಳೆಸಿದರು. ಆ ಸದ್ದನ್ನು ನಿಧಾನ ಮಾಡಿದ್ದೇ ಗಾಡ್ಜಿಲ್ಲಾದ ಕೂಗು. ಇದನ್ನು ತಿಳಿದ ಮೇಲೆ ನನಗೆ ಆ ಕೂಗು ಜಾಸ್ತಿಯೇ ಚುಚ್ಚುತ್ತದೆ.

ಅಮೆರಿಕದ ಕಡೆಯ ಚೌಕಿಯಲ್ಲಿ ಇನ್ನೊಬ್ಬರು. ರೇ ಹ್ಯಾರಿಹೌಸನ್. 13ನೇ ವಯಸ್ಸಿನಲ್ಲಿ ಕಿಂಗ್ ಕಾಂಗ್ ನೋಡಿ ಬಂದವರು ಮತ್ತೆ ಬೇರೆ ಏನನ್ನೂ ಯೋಚಿಸಲಿಲ್ಲ. 1955ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಸೇತುವೆ ಮುರಿಯುವ ಆಕ್ಟೋಪಸ್ ಮಾಡಿದರು. ಅದಕ್ಕೆ ಕೈ ಎಂಟು ಇರಲಿಲ್ಲ, ಆರೇ ಇತ್ತು. ಎಂಟು ಕೈ ಅಲುಗಿಸಲು ಬಜೆಟ್ ಸಾಲಲಿಲ್ಲ. ನೋಡುವವರು ಎಣಿಸುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಡಿಸ್ಕ್ ಬಂದ ಮೇಲೆ ಪಾಜ್ ಒತ್ತಿ ಎಣಿಸುವ ನನ್ನಂಥವರು ಹುಟ್ಟಿಕೊಂಡೆವು.

ಅವರದ್ದೇ 1957ರ '20 ಮಿಲಿಯನ್ ಮೈಲ್ಸ್ ಟು ಅರ್ಥ್', ಶುಕ್ರಗ್ರಹದ ಮರಿ ರೋಮಿನ ಕೊಲೋಸಿಯಮ್ ಹತ್ತಿ ಸಾಯುವ ಕತೆ. ಹ್ಯಾರಿಹೌಸನ್‌ಗೆ ಅದನ್ನು ಬಣ್ಣದಲ್ಲಿ ತೆಗೆಯಬೇಕೆಂದು ಇತ್ತು, ದುಡ್ಡು ಇರಲಿಲ್ಲ. ಐವತ್ತು ವರ್ಷ ಕಳೆದು 2007ರ ಡಿವಿಡಿಗೆ ಕಂಪ್ಯೂಟರಿನಲ್ಲಿ ಬಣ್ಣ ಹಾಕಿದರು, ಅವರೇ ಮುಂದೆ ನಿಂತು ಹಾಕಿಸಿದರು. ರಿಮೋಟ್ ಒತ್ತಿದರೆ ಬಣ್ಣ, ಮತ್ತೆ ಒತ್ತಿದರೆ ಕಪ್ಪು ಬಿಳುಪು. ಹಳೇ ಸಿನಿಮಾಕ್ಕೆ ಬಣ್ಣ ಬಳಿಯುವುದೆಂದರೆ ನನಗೆ ಆಗುವುದಿಲ್ಲ. ಆದರೆ ಮಾಡಿದವರೇ ಬಂದು ನನಗೆ ಬೇಕಾಗಿದ್ದದ್ದು ಇದು ಅಂದರೆ ನಾನು ಯಾರು ಬೇಡ ಅನ್ನಲು? ಎರಡು ಸಲ ಬಣ್ಣದಲ್ಲಿ ನೋಡಿದೆ. ಮೂರನೇ ಸಲ ಸುಮ್ನೆ ಕಪ್ಪು ಬಿಳುಪಿಗೆ ತಿರುಗಿಸಿದೆ.

ಯಾರ ಹಕ್ಕೂ ಇಲ್ಲದ ಸಿನಿಮಾಗಳ ಗತಿ ಇನ್ನೊಂದು. ಅಮೆರಿಕದ ಹಳೇ ಕಾನೂನಿನಲ್ಲಿ 28 ವರ್ಷಕ್ಕೆ ಹಕ್ಕನ್ನು ನವೀಕರಿಸಬೇಕಿತ್ತು. ಬಿ-ಸಿನಿಮಾ ಮಾಡಿದ ಸಣ್ಣ ಕಂಪನಿಗಳು ಅಷ್ಟರಲ್ಲಿ ಬಾಗಿಲು ಹಾಕಿರುತ್ತಿದ್ದವು. ಹಾಗೆ ಅನಾಥ ಆದದ್ದು 'ದಿ ಜೈಂಟ್ ಗೀಲಾ ಮಾನ್‌ಸ್ಟರ್', 1959. ಟೆಕ್ಸಾಸಿನಲ್ಲಿ ತೆಗೆದದ್ದು. ನಿಜವಾದ ಹಲ್ಲಿಯನ್ನು ಆಟಿಕೆ ಕಾರುಗಳ ನಡುವೆ ಬಿಟ್ಟಿದ್ದಾರೆ. ಅದು ಗೀಲಾ ಅನ್ನುವ ವಿಷದ ಹಲ್ಲಿ ಕೂಡ ಅಲ್ಲ, ಅದರ ದಾಯಾದಿ ಜಾತಿಯದ್ದು. ಮನುಷ್ಯರೂ ಅದೂ ಒಂದೇ ಫ್ರೇಮಿನಲ್ಲಿ ಬರುವುದೇ ಇಲ್ಲ. ಅಷ್ಟು ಹೊತ್ತೂ ಆ ಹಲ್ಲಿಗೆ ಬಿಸಿಲು ಎಲ್ಲಿದೆ ಅನ್ನುವ ಯೋಚನೆ ಬಿಟ್ಟು ಬೇರೆ ಇಲ್ಲ. ಹಕ್ಕಿನ ಯಜಮಾನ ಇಲ್ಲದ್ದರಿಂದ ಯಾರು ಬೇಕಾದರೂ ಡಿಸ್ಕ್ ಮಾಡಬಹುದಿತ್ತು, ಮಾಡಿದರು. ಡಜನ್‌ಗಟ್ಟಲೆ ಸಿನಿಮಾ ಒಂದೇ ಡಬ್ಬಿಯಲ್ಲಿ, ಕಿಲೋ ಲೆಕ್ಕದಲ್ಲಿ ಮಾರುವ ಹಾಗೆ. ನನ್ನ ಹತ್ತಿರ ಇದ್ದ ಒಂದರಲ್ಲಿ ರಾತ್ರಿಯ ದೃಶ್ಯ ಅಂದರೆ ಪೂರ್ತಿ ಕತ್ತಲು, ಹಲ್ಲಿ ಬರೀ ಸದ್ದು. ಎಲ್ಲರದ್ದೂ ಆದದ್ದನ್ನು ನೋಡಿಕೊಳ್ಳುವವರು ಇಲ್ಲ, ನಮ್ಮ ಊರ ಸಾರ್ವಜನಿಕ ಬಾವಿಯ ಹಾಗೆ. 2023ರಲ್ಲಿ ಫಿಲ್ಮ್ ಮಾಸ್ಟರ್ಸ್ ಅನ್ನುವ ಹೊಸ ಕಂಪನಿ ಅದನ್ನು ಮತ್ತೆ ಸ್ಕ್ಯಾನ್ ಮಾಡಿಸಿ ಬ್ಲೂ-ರೇ ತಂದಿತು. ಜೊತೆಗೆ 'ದಿ ಕಿಲ್ಲರ್ ಶ್ರೂಸ್'. ನಾಯಿಗಳಿಗೆ ಕಂಬಳಿ ಹೊದಿಸಿ ಮೂಗಿಲಿ ಮಾಡಿದ ಸಿನಿಮಾ. ಈಗ ಕಂಬಳಿಯ ಅಂಚು ಚೆನ್ನಾಗಿ ಕಾಣುತ್ತದೆ. ನಾಯಿಗಳ ಬಾಲದ ಖುಷಿಯೂ.

ಹೋದ ವರ್ಷ ಅಪ್ಪ ಕಣ್ಣಿನ ಆಪರೇಷನ್ನಿಗೆಂದು ಬೆಂಗಳೂರಿಗೆ ಬಂದಿದ್ದರು. ಕಣ್ಣು ಸರಿಯಾಗಿ ಕಾಣಲು ಶುರುವಾದ ಮೇಲೆ ಟಿವಿ ಬೇಕು ಅಂದರು. ನ್ಯೂಸ್ ಬೇಡ, ಧಾರಾವಾಹಿ ಬೇಡ. ನಾನು ಮೆಲ್ಲಗೆ 'ಜೈಂಟ್ ಕ್ಲಾ' ಹಾಕಿದೆ. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ. ವಿಮಾನ, ಮಿಲಿಟರಿ, ಫೋನು ಎಲ್ಲ ಗಂಭೀರವಾಗಿ ನೋಡಿದರು. ಹಕ್ಕಿ ಮುಖ ತೋರಿಸಿತು. ಅಪ್ಪ ಕನ್ನಡಕ ಸರಿಮಾಡಿಕೊಂಡರು.

"ಇದು ಎಂತ ಮಾರಾಯ? ಅದಕ್ಕೆ ಸೌಖ್ಯ ಇಲ್ಲವಾ?"

ಅಡುಗೆ ಮನೆಯಿಂದ ಹೆಂಡತಿ ನಕ್ಕಿದ್ದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಅಪ್ಪ, "ನಿಲ್ಲು ನಿಲ್ಲು, ಸ್ವಲ್ಪ ಹಿಂದೆ ಹಾಕು, ಅಲ್ಲಿ ದಾರ ಉಂಟಲ್ಲ" ಅಂದರು. ಆಪರೇಷನ್ ಚೆನ್ನಾಗಿ ಆಗಿದೆ ಅಂತ ನನಗೆ ಖಾತ್ರಿಯಾಯಿತು.

ಮಾರನೇ ದಿನ ಗಾಡ್ಜಿಲ್ಲಾ ನೋಡಿದರು, ಜಪಾನಿನದ್ದು. ನಾನು ಸಬ್‌ಟೈಟಲ್ ಓದಿ ಅಲ್ಲಲ್ಲಿ ಹೇಳುತ್ತಿದ್ದೆ. ಊರೆಲ್ಲ ಉರಿಯುವಾಗ ಒಬ್ಬಳು ತಾಯಿ ಮಕ್ಕಳನ್ನು ಅಪ್ಪಿಕೊಂಡು, ಇನ್ನು ಸ್ವಲ್ಪ ಹೊತ್ತು, ಅಪ್ಪ ಇರುವಲ್ಲಿಗೆ ಹೋಗುತ್ತೇವೆ ಅನ್ನುತ್ತಾಳೆ. ಅದನ್ನು ಹೇಳಿದಾಗ ಅವರು ಏನೂ ಅನ್ನಲಿಲ್ಲ. ಸಿನಿಮಾ ಮುಗಿಯಿತು. ನಾನು ಹೆಚ್ಚುವರಿ ಭಾಗಕ್ಕೆ ಹೋಗಿ ನಕಾಜಿಮಾ ಅವರ ಸಂದರ್ಶನ ಹಾಕಿದೆ. ಪರದೆಯ ಮೇಲೆ ಮುದುಕರೊಬ್ಬರು ಬಂದು ಕೂತು ಮಾತು ಶುರು ಮಾಡಿದರು.

"ಇವರಾ ಒಳಗೆ ಇದ್ದದ್ದು?"

"ಹೌದು."

"ಅಷ್ಟೂ ಭಾರ ಹೊತ್ತುಕೊಂಡಾ?"

"ಹೌದಪ್ಪ, ನೂರು ಕಿಲೋ ಅಂತೆ."

ಅಪ್ಪ ಮುಂದಕ್ಕೆ ಬಾಗಿ ಕೂತರು. ಪೂರ್ತಿ ನೋಡಿದರು, ಒಂದು ಮಾತೂ ಅರ್ಥ ಆಗದಿದ್ದರೂ. ಆಮೇಲೆ ಕೇಳಿದರು, "ವೇಷ ಕಟ್ಟುವ ಮೊದಲು ಎಂತ ತಿಂತಿದ್ದರಂತೆ?"

ನನಗೆ ಗೊತ್ತಿರಲಿಲ್ಲ. ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಓಡಿಸಿದೆ, ಎಲ್ಲಾದರೂ ಹೇಳಿದ್ದಾರಾ ನೋಡೋಣ ಅಂತ.